ಮ್ಯೂಟ್ ಆಗಿರುವ ತರಗತಿಗೆ ಏನು ಕೇಳಬೇಕು?



ಆನ್‌ಲೈನ್ ಪಾಠದ ಮಾತು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಮೊದಲು ಕೇಳಿಬರುವ ದೂರು ಒಂದೇ: ‘ಹುಡುಗರು ಕ್ಯಾಮೆರಾ ಆನ್ ಮಾಡೋದೇ ಇಲ್ಲ ಸಾರ್, ಗೋಡೆಗೆ ಪಾಠ ಮಾಡಿದ ಹಾಗಾಗುತ್ತೆ.’ ದೂರು ಸುಳ್ಳಲ್ಲ. ಆದರೆ ಕ್ಯಾಮೆರಾ ಆನ್ ಮಾಡದ ಹುಡುಗಿ ಒಂದೇ ಕೋಣೆಯ ಮನೆಯಲ್ಲಿ ಕೂತಿರಬಹುದು, ಬೆನ್ನ ಹಿಂದೆಯೇ ಅಡುಗೆ ನಡೆಯುತ್ತಿರಬಹುದು, ಆ ದಿನದ ಡೇಟಾ ಎರಡನೇ ಪೀರಿಯಡ್ಡಿಗೇ ಮುಗಿಯುತ್ತ ಬಂದಿರಬಹುದು. ಮುಖ ಕಂಡರೆ ಹಾಜರಿ ಸಿಕ್ಕೀತು, ಅಷ್ಟೆ. ಕೊನೆಯ ಬೆಂಚಿನಲ್ಲಿ ಕೂತು, ಮೇಷ್ಟ್ರನ್ನೇ ನೋಡುತ್ತ, ಮನಸ್ಸಿನಲ್ಲಿ ಇನ್ನೆಲ್ಲೋ ಇರುತ್ತಿದ್ದ ವಿದ್ಯಾರ್ಥಿಯನ್ನು ನಾವೆಲ್ಲ ಬಲ್ಲೆವು. ನಮ್ಮಲ್ಲೇ ಕೆಲವರು ಹಾಗಿದ್ದವರು. ಹಾಗಾಗಿ ಈ ವಿಚಾರ ಸಂಕಿರಣದಲ್ಲಿ ಬೇರೊಂದು ಪ್ರಶ್ನೆ ಇಟ್ಟುಕೊಳ್ಳೋಣ ಎಂಬುದು ನನ್ನ ಕೋರಿಕೆ: ಪಾಠ ನಡೆಯುತ್ತಿರುವಾಗ ವಿದ್ಯಾರ್ಥಿಯ ಕೈಯಲ್ಲಿ ನಾವು ಏನು ಮಾಡಿಸುತ್ತಿದ್ದೇವೆ?

ದೂರದಿಂದ ಕಲಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರುಮಾಡಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಬಂತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅದರ ಮೂಲಕವೇ ಮುಗಿಸಬಹುದು ಎಂದು ಯುಜಿಸಿ 2021ರಲ್ಲಿ ನಿಯಮ ಮಾಡಿತು. ಪಾಠ ತಲುಪಿಸುವ ದಾರಿಗೆ ಇನ್ನು ಕೊರತೆಯಿಲ್ಲ. ಕೊನೆಯವರೆಗೂ ಉಳಿಯುವವರು ಮಾತ್ರ ಕಡಿಮೆ. 2011ರಲ್ಲಿ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಮುಗಿಸಿದವರು ಇಪ್ಪತ್ತು ಸಾವಿರದ ಆಸುಪಾಸು.

ವಿಡಿಯೊ ಚಿಕ್ಕದಾಗಿರಲಿ ಎಂಬ ಸಲಹೆಯನ್ನು ನೀವೆಲ್ಲ ಕೇಳಿರುತ್ತೀರಿ. ಅದರ ಹಿಂದೆ ಒಂದು ಗಟ್ಟಿ ಅಧ್ಯಯನವಿದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳ ದಾಖಲೆ ತೆಗೆದು ನೋಡಿದಾಗ, ಆರು ನಿಮಿಷ ದಾಟಿದ ವಿಡಿಯೊಗಳಲ್ಲಿ ನೋಡುಗರು ನಡುವೆಯೇ ಎದ್ದುಹೋಗುವುದು ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ನಾವು ಆರು ನಿಮಿಷವನ್ನು ಮಾತ್ರ ಎತ್ತಿಕೊಂಡೆವು. ತರಗತಿಯ ಹಳೆಯ ಉಪನ್ಯಾಸವನ್ನೇ ತುಂಡು ಮಾಡಿ ಹಾಕಿದರೆ ಜನ ಅಷ್ಟಾಗಿ ನಿಲ್ಲುವುದಿಲ್ಲ, ಸ್ಲೈಡ್ ಓದುವ ದನಿಗಿಂತ ಬರೆಯುತ್ತ ವಿವರಿಸುವ ಕೈ ಹೆಚ್ಚು ಹಿಡಿದಿಡುತ್ತದೆ ಎಂಬುದೂ ಅದರಲ್ಲೇ ಇತ್ತು.

ಆದರೂ ನೋಡಿದ್ದೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ. ವಾರ ಕಳೆದ ಮೇಲೆ ಓದಿದವರಿಗೆ ಸುಮಾರು ಶೇ 40, ಬರೆದವರಿಗೆ ಸುಮಾರು ಶೇ 60 ನೆನಪಿತ್ತು. ನಮ್ಮ ಪರೀಕ್ಷೆ ನಡೆಯುವುದು ಐದು ನಿಮಿಷಕ್ಕಲ್ಲವಲ್ಲ!

ಹೀಗೆ ವಿದ್ಯಾರ್ಥಿಯೇ ಯೋಚಿಸಿ ಬರೆಯುವಂತೆ ಮಾಡುವುದನ್ನು ತರಗತಿಗೆ ತರುವುದು ಹೇಗೆ? ಬಿ.ಕಾಂ. ಹುಡುಗರಿಗೆ ಮಧ್ಯಾಂಕ (ಮೀಡಿಯನ್) ಹೇಳಿಕೊಡಬೇಕು ಎಂದಿಟ್ಟುಕೊಳ್ಳಿ. ವ್ಯಾಖ್ಯೆ, ಸೂತ್ರ ಎಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆ: ಬೀದಿಯಲ್ಲಿ ಒಂಬತ್ತು ಮನೆ, ಒಂದೊಂದಕ್ಕೂ ತಿಂಗಳಿಗೆ 10,000 ರೂಪಾಯಿ ಆದಾಯ, ಹತ್ತನೆಯ ಮನೆಗೆ ತಿಂಗಳಿಗೆ 10 ಲಕ್ಷ ದುಡಿಯುವವನು ಬಂದ. ಈ ಬೀದಿಯ ಒಂದು ಮನೆಯ ಆದಾಯ ಎಷ್ಟು ಎಂದು ಪತ್ರಿಕೆಯವರು ಕೇಳಿದರೆ ಒಂದೇ ಸಂಖ್ಯೆಯಲ್ಲಿ ಏನು ಹೇಳುತ್ತೀರಿ? ಉತ್ತರವನ್ನು ಚಾಟಿನಲ್ಲಿ ಟೈಪ್ ಮಾಡಿ, ನಾನು ಹೇಳುವವರೆಗೆ ಸೆಂಡ್ ಒತ್ತಬೇಡಿ ಅನ್ನಿ. ಇದು ಮುಖ್ಯ, ಇಲ್ಲದಿದ್ದರೆ ರ‍್ಯಾಂಕಿನ ಹುಡುಗಿ ಕಳಿಸಿದ್ದೇ ಉಳಿದವರ ಉತ್ತರವೂ ಆಗುತ್ತದೆ. ಒಂದು ನಿಮಿಷ ಬಿಟ್ಟು ‘ಈಗ’ ಎಂದರೆ ಎಲ್ಲ ಒಟ್ಟಿಗೆ ಬೀಳುತ್ತವೆ: ಕೆಲವರದು 1,09,000, ಕೆಲವರದು 10,000, ಒಬ್ಬನದು ‘ಗೊತ್ತಿಲ್ಲ ಸರ್’. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ತಕರಾರು ಬೇಡ. ಕನ್ನಡ ವಿಭಾಗದ ಮಿತ್ರರು ಮನ್ನಿಸಬೇಕು.

ಸರಿ ಯಾವುದು, ತಪ್ಪು ಯಾವುದು ಎಂದು ಆಗಲೇ ಹೇಳಿಬಿಡಬೇಡಿ. ಬೇರೆ ಬೇರೆ ಉತ್ತರ ಕೊಟ್ಟ ಇಬ್ಬರನ್ನು ಮಾತಿಗೆ ಹಚ್ಚಿ, ಮತ್ತೆ ಎಲ್ಲರನ್ನೂ ಕೇಳಿ. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಿಂದ ತುಂಬಿದ ತರಗತಿಯಲ್ಲಿ ಮಾಡುತ್ತ ಬಂದದ್ದು ಇದನ್ನೇ. ಸರಾಸರಿ ಹೇಳಿದರೆ ಒಂಬತ್ತು ಮನೆಗಳಿಗೂ ಅನ್ಯಾಯ ಎಂದು ಯಾರೋ ವಾದಿಸಿದ ಮೇಲೆ ಮಧ್ಯಾಂಕ ಯಾಕೆ ಬೇಕು ಎಂಬುದನ್ನು ಹೇಳಬೇಕಾಗುವುದಿಲ್ಲ, ಹೇಗೆ ಕಂಡುಹಿಡಿಯುವುದು ಎಂದಷ್ಟೇ ಹೇಳಿದರೆ ಸಾಕು.

ಕಷ್ಟದ ಕೆಲಸವೆಂದರೆ ಕಾಯುವುದು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿಬಿಟ್ಟರು. ಅದು ಎದುರಿಗೇ ಕೂತ ಮಕ್ಕಳ ಲೆಕ್ಕ. ನಮ್ಮ ಹುಡುಗರು ಮ್ಯೂಟ್ ತೆಗೆಯಬೇಕು, ನೆಟ್‌ವರ್ಕ್ ಕೈಕೊಡಬಾರದು, ಪಕ್ಕದಲ್ಲಿ ಮಿಕ್ಸಿ ನಿಲ್ಲಬೇಕು. ಹತ್ತು ಸೆಕೆಂಡಾದರೂ ಬಿಡಿ. ‘ಅರ್ಥವಾಯ್ತಾ?’ ಎಂಬ ಪ್ರಶ್ನೆಯನ್ನಂತೂ ಪೂರ್ತಿ ಕೈಬಿಡುವುದು ಒಳ್ಳೆಯದು. ಅದಕ್ಕೆ ‘ಎಸ್ ಸಾರ್’ ಬಿಟ್ಟರೆ ಬೇರೆ ಉತ್ತರವನ್ನು ಯಾರೂ ಕೇಳಿಲ್ಲ.

ವಿದ್ಯಾರ್ಥಿಗಳು ಬರೆದದ್ದಕ್ಕೆ ಮೇಷ್ಟ್ರಿಂದ ಮರುಮಾತು ಬರಬೇಕು. ನೂರು ಜನರ ತರಗತಿಯಲ್ಲಿ ಒಬ್ಬೊಬ್ಬರಿಗೂ ಬರೆಯಲಾಗದು, ನಿಜ. ಹೆಚ್ಚು ಮಂದಿ ಮಾಡಿದ ಎರಡು ತಪ್ಪುಗಳನ್ನು ಆರಿಸಿ, ಯಾರ ಹೆಸರನ್ನೂ ಎತ್ತದೆ, ಎರಡು ನಿಮಿಷದ ಧ್ವನಿ ಸಂದೇಶ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಅದೇ ಸಂಜೆ ಹಾಕಿದರೆ ಡೇಟಾ ಉಳಿಯುತ್ತದೆ, ತರಗತಿಗೆ ಬರಲಾಗದವನಿಗೂ ತಲುಪುತ್ತದೆ. ಇಂಟರ್ನಲ್ಸ್ ಅಂಕದ ಆಸೆ ತೋರಿಸುವುದಕ್ಕಿಂತ ಇದು ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಹೇಳಬೇಕು.

ನಾನು ಮುಟ್ಟದೆ ಬಿಟ್ಟದ್ದು ಬಹಳ ಇದೆ. ಪ್ರಯೋಗಾಲಯ ಬೇಕಾದ ವಿಷಯಗಳನ್ನು ಏನು ಮಾಡುವುದು? ಅಣ್ಣ ತಂಗಿ ಒಂದೇ ಫೋನಿನಲ್ಲಿ ಓದುವ ಮನೆಗೆ ವೇಳಾಪಟ್ಟಿ ಹೇಗೆ ಹೊಂದಿಸುವುದು? ಕಣ್ಣು ಕಾಣದ ವಿದ್ಯಾರ್ಥಿಗೆ ನಮ್ಮ ಸ್ಲೈಡಿನಿಂದ ಏನು ಸಿಗುತ್ತದೆ? ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ಯಾವ ತಂತ್ರಾಂಶ ಬಳಸಿದಿರಿ ಎನ್ನುವುದನ್ನು ಒಂದು ಸಾಲಿಗೆ ಮುಗಿಸಿ. ನೀವು ಕೇಳಿದ ಒಂದು ಪ್ರಶ್ನೆ ಮತ್ತು ಅದಕ್ಕೆ ನಿಮ್ಮ ವಿದ್ಯಾರ್ಥಿಗಳು ಕೊಟ್ಟ ಉತ್ತರಗಳನ್ನು, ತಪ್ಪು ಉತ್ತರಗಳನ್ನೂ ಸೇರಿಸಿ, ಇಲ್ಲಿ ಓದಿ ಹೇಳಿ. ಚರ್ಚೆಯನ್ನು ಅಲ್ಲಿಂದ ಶುರುಮಾಡೋಣ.