ತುಂಬು ಬಸುರಿ ಸಿಸ್ಟರ್‌ಗೆ ಲೈಟ್ ಡ್ಯೂಟಿ ಯಾರು ಕೊಡ್ತಾರೆ?

(ಠಾಣೆಯ ವರ್ತಕ ನಗರದಲ್ಲಿ ಕನ್ನಡ ಮಹಿಳೆಯರು ಸೇರಿದ್ದಾಗ ನಿವೃತ್ತ ನರ್ಸ್ ಒಬ್ಬರು ಆಡಿದ ಮಾತು. ವೀಡಿಯೊ ನೋಡಲು ಪುರುಸೊತ್ತಿಲ್ಲದವರಿಗಾಗಿ ಇಲ್ಲಿ ಬರಹದಲ್ಲಿ. ಆಡುಮಾತನ್ನು ಹೆಚ್ಚು ತಿದ್ದಿಲ್ಲ.)

ಗರ್ಭಿಣಿಯರ ಆರೈಕೆ ಬಗ್ಗೆ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದರು. ಆದರೆ ಅದನ್ನು ಹೇಳೋಕೆ ಡಾಕ್ಟರುಗಳಿದ್ದಾರೆ, ಯೂಟ್ಯೂಬ್ ತೆರೆದರೆ ಸಾಲಾಗಿ ಕೂತಿರ್ತಾರೆ. ನಾನು ಬೇರೆ ಒಬ್ಬ ಗರ್ಭಿಣಿಯ ವಿಷಯ ಎತ್ತಿಕೊಳ್ತೀನಿ. ಡಾಕ್ಟರು ಯಾರಿಗೋ "ಇನ್ನು ರೆಸ್ಟ್ ತಗೊಳ್ಳಿ, ಭಾರ ಎತ್ತಬೇಡಿ" ಅಂತ ಹೇಳುವಾಗ, ಪಕ್ಕದಲ್ಲೇ ಬಿಪಿ ಪಟ್ಟಿ ಸುತ್ತಿಕೊಂಡು ನಿಂತಿರ್ತಾಳಲ್ಲ, ತಾನೂ ಎಂಟು ತಿಂಗಳ ಹೊಟ್ಟೆ ಹೊತ್ತ ಸಿಸ್ಟರ್, ಅವಳ ವಿಷಯ.

ಇಲ್ಲಿ ಕೂತವರಲ್ಲಿ ಎಷ್ಟು ಜನ ನರ್ಸುಗಳು? ಕೈ ಎತ್ತಿ. ನೋಡಿ, ಏಳೆಂಟು ಜನ ಇದ್ದೀರಿ. ಇನ್ನುಳಿದವರ ಮನೆಯಲ್ಲಿ ಸೊಸೆಯೋ ನಾದಿನಿಯೋ ಇದೇ ಕೆಲಸದಲ್ಲಿ ಇರ್ತಾರೆ. ಹಾಗಾಗಿ ಇದು ನಮ್ಮ ಮನೆಯ ಮಾತೇ.

2020ರ ಮೇ ತಿಂಗಳು ನೆನಪಿದೆಯಾ? ಕೊರೋನಾ ಲಾಕ್‌ಡೌನ್. ಆಗ ಶಿವಮೊಗ್ಗ ಜಿಲ್ಲೆಯಿಂದ ಒಂದು ಸುದ್ದಿ ಬಂತು. ತೀರ್ಥಹಳ್ಳಿಯ ಜಯಚಾಮರಾಜೇಂದ್ರ ಸರ್ಕಾರಿ ಆಸ್ಪತ್ರೆಯ ನರ್ಸ್ ರೂಪಾ, ಒಂಬತ್ತು ತಿಂಗಳ ಬಸುರಿ. ಊರು ಗಾಜನೂರು, ತುಂಗಾ ಅಣೆಕಟ್ಟೆ ಇದೆಯಲ್ಲ, ಅಲ್ಲಿ. ಅಲ್ಲಿಂದ ದಿನಾ ತೀರ್ಥಹಳ್ಳಿಗೆ ಹೋಗಿ ಆರು ಗಂಟೆ ಡ್ಯೂಟಿ ಮಾಡಿ ಬರ್ತಿದ್ದರು. ಒಂದು ಕಡೆಗೇ ನಲವತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ಅದೂ ಮಲೆನಾಡಿನ ರಸ್ತೆ. ಮೇಲಿನವರು ರಜೆ ತಗೊಳ್ಳಿ ಅಂದಿದ್ದರಂತೆ, ಸುತ್ತಲಿನ ಹಳ್ಳಿಯವರಿಗೆ ಈಗ ನಮ್ಮ ಅಗತ್ಯ ಇದೆ ಅಂತ ಇವರೇ ಬಂದರು. ಮುಖ್ಯಮಂತ್ರಿ ಯಡಿಯೂರಪ್ಪ ಸ್ವತಃ ಫೋನ್ ಮಾಡಿ ಮೆಚ್ಚಿಕೊಂಡರು, ಇನ್ನು ವಿಶ್ರಾಂತಿ ತಗೋಮ್ಮ ಅನ್ನೋ ಸಲಹೆಯನ್ನೂ ಕೊಟ್ಟರು.

ಆ ಸುದ್ದಿ ವಾಟ್ಸಾಪಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಆ ಹೆಣ್ಣುಮಗಳ ಮೇಲೆ ನನಗೂ ದೊಡ್ಡ ಗೌರವ ಇದೆ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ ಪ್ರಶ್ನೆ. ಆಕೆ ಅವತ್ತು ರಜೆ ಹಾಕಿದ್ದರೆ ಆ ಜಾಗದಲ್ಲಿ ಯಾರು ನಿಲ್ತಿದ್ದರು? ನರ್ಸುಗಳ ಸಂಖ್ಯೆ ಲೆಕ್ಕ ಹಾಕುವಾಗ ರಜೆಗೆಂದೇ ಶೇಕಡ 30 ಜನರನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕು ಅನ್ನೋದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಹತ್ತು ಜನ ಬೇಕಾದಲ್ಲಿ ಹದಿಮೂರು ಜನ. ನೀವು ಕೆಲಸ ಮಾಡೋ ಕಡೆ ಆ ಮೂರು ಜನ ಎಲ್ಲಿದ್ದಾರೆ ಅಂತ ಹುಡುಕಿ ನೋಡಿ, ಸಿಕ್ಕರೆ ನನಗೂ ತಿಳಿಸಿ! (ನಗು) ಹತ್ತು ಜನ ಬೇಕಾದಲ್ಲಿ ಏಳು ಜನ ಇರ್ತಾರೆ. ಅದರಲ್ಲಿ ಒಬ್ಬಳು ಬಸುರಿಯಾದಳು ಅಂದರೆ ಉಳಿದ ಆರು ಜನರ ಮುಖ ಸಣ್ಣದಾಗುತ್ತೆ. ಅವರದೂ ತಪ್ಪಲ್ಲ. ಅವಳ ನೈಟ್ ಇವರ ತಲೆ ಮೇಲೆ ಬೀಳುತ್ತೆ.

ಈಗ ಮೈಯ ಮಾತಿಗೆ ಬರೋಣ. ದಿನ ತುಂಬುತ್ತಾ ಬಂದ ಹಾಗೆ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿಗಿಂತ ಶೇಕಡ 40ರಿಂದ 50ರಷ್ಟು ಹೆಚ್ಚಿರುತ್ತೆ. ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತೆ, ಕಾಲಿಗಿಳಿದ ರಕ್ತ ಸಲೀಸಾಗಿ ಮೇಲೆ ಬರೋಲ್ಲ. ಅದಕ್ಕೇ ಡ್ಯೂಟಿ ಮುಗಿಯೋ ಹೊತ್ತಿಗೆ ಚಪ್ಪಲಿ ಕಾಲಿಗೆ ಹಿಡಿಸೋಲ್ಲ. ಹೊಟ್ಟೆ ಮುಂದೆ ಬಂದು ಮೈಯ ತೂಕದ ಕೇಂದ್ರ ಜರುಗಿರುತ್ತೆ, ಕೀಲುಗಳು ಸಡಿಲಾಗಿರುತ್ತವೆ. ಇಂಥ ಮೈ ಇಟ್ಟುಕೊಂಡು ಅರವತ್ತು ಕೆಜಿಯ ಪೇಷಂಟನ್ನು ಬೆಡ್ಡಿನಲ್ಲಿ ಮೇಲಕ್ಕೆ ಎಳೀತೀವಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಯಾಶ್ ಒಂದು ಮಿತಿ ಹೇಳಿದೆ. ಗರ್ಭಕ್ಕೆ 20 ವಾರ ಆದ ಮೇಲೆ, ವಸ್ತು ಮೈಗೆ ಹತ್ತಿರ ಇದ್ದು, ಅಪರೂಪಕ್ಕೆ ಎತ್ತೋದಾದರೂ ಸುಮಾರು 12 ಕೆಜಿ ಸಾಕು. 12 ಕೆಜಿ ಅಂದರೆ ಒಂದು ಅಕ್ಕಿ ಚೀಲಕ್ಕಿಂತ ತುಸು ಹೆಚ್ಚು, ಅಷ್ಟೇ. ಅದೂ ಅಲುಗಾಡದ ವಸ್ತುವಿಗೆ. ಪೇಷಂಟ್ ಸುಮ್ಮನೆ ಇರ್ತಾನಾ? ಅರ್ಧದಲ್ಲಿ ಹೆದರಿ ನಮ್ಮ ಕುತ್ತಿಗೆಗೇ ಜೋತು ಬೀಳ್ತಾನೆ. ಅಂಥ ಕೆಲಸಕ್ಕೆ ವಾರ್ಡ್‌ಬಾಯನ್ನೋ ಮಾವ್ಶಿಯನ್ನೋ ಕರೆಯೋದು ಸೋಮಾರಿತನ ಅಲ್ಲ.

ಎಕ್ಸ್‌ರೇ ವಿಷಯ. ವಾರ್ಡಿಗೆ ಪೋರ್ಟಬಲ್ ಮಷೀನ್ ಬಂದಾಗ ನೀವು ಹೊರಗೆ ಹೋಗಿ. ದೂರ ಎರಡರಷ್ಟಾದರೆ ವಿಕಿರಣ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಓಟಿಯಲ್ಲಿ, ಕ್ಯಾಥ್ ಲ್ಯಾಬಿನಲ್ಲಿ ಇರೋರು ಬಸುರಿ ಅಂತ ಗೊತ್ತಾದ ಕೂಡಲೇ ಬರೆದು ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಹೊಟ್ಟೆಯ ಮಗುವಿಗೆ 1 ಮಿಲಿಸೀವರ್ಟ್ ದಾಟಬಾರದು ಅನ್ನೋದು ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಕ್ಯಾನ್ಸರ್ ವಾರ್ಡಿನ ಕೀಮೋ ಔಷಧಿ ಕಲಸೋದು ಬೇಡವೇ ಬೇಡ. ಸೀತಾಳೆ ಸಿಡುಬು, ಟಿಬಿ ಇರೋ ಕೋಣೆಗೆ ಇನ್ನೊಬ್ಬರು ಹೋಗಲಿ. ಇವೆಲ್ಲ ನಿಮಗೆ ಪಾಠದಲ್ಲೇ ಇತ್ತು, ಹೆಚ್ಚು ಹೇಳೋಲ್ಲ.

ನಾನು ಒತ್ತಿ ಹೇಳೋದು ಇನ್ನೊಂದು. ನಾವು ನರ್ಸುಗಳು ಇಡೀ ವಾರ್ಡಿನ ಬಿಪಿ ನೋಡ್ತೀವಿ, ನಮ್ಮದು ನೋಡ್ಕೊಳ್ಳೋಲ್ಲ. ಎಲ್ಲರ ಯೂರಿನ್ ಲೆಕ್ಕ ಬರೀತೀವಿ, ನಾವು ಮಾತ್ರ ಬೆಳಗ್ಗೆ ಏಳರಿಂದ ಮಧ್ಯಾಹ್ನದವರೆಗೆ ನೀರು ಕುಡಿಯೋಲ್ಲ, ಯಾಕೆ ಅಂದರೆ ಟಾಯ್ಲೆಟ್ಟಿಗೆ ಹೋಗೋಕೆ ಪುರುಸೊತ್ತಿಲ್ಲ. ಬಸುರಿಯಲ್ಲಿ ಉರಿಮೂತ್ರ, ಸೋಂಕು ಸುಲಭವಾಗಿ ಆಗುತ್ತೆ, ಅದು ಬಲಿತರೆ ದಿನ ತುಂಬುವ ಮೊದಲೇ ನೋವು ಶುರುವಾಗಬಹುದು. ಬಿಪಿ 140/90 ಮುಟ್ಟಿತು, ತಲೆನೋವು ಬಿಡ್ತಿಲ್ಲ, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ ಊದಿದೆ. ಇದನ್ನು ಪೇಷಂಟ್ ಹೇಳಿದರೆ ನೀವು ಡಾಕ್ಟರ ಹತ್ತಿರ ಓಡ್ತೀರಿ. ನಿಮಗೇ ಆದರೆ "ನಿದ್ದೆ ಸಾಲದ್ದಕ್ಕೆ" ಅಂತೀರಿ. ಮಗುವಿನ ಅಲುಗಾಟವೂ ಅಷ್ಟೇ. ಎಡಮಗ್ಗುಲಿಗೆ ಮಲಗಿ ಎಣಿಸಿದರೆ ಎರಡು ಗಂಟೆಯೊಳಗೆ ಹತ್ತು ಸಲ ಸಿಗಬೇಕು. ಓಡಾಟದಲ್ಲಿ ಗಮನಕ್ಕೇ ಬರೋಲ್ಲ. ಇವತ್ತು ಕಡಿಮೆ ಅನಿಸಿತಾ, ಹ್ಯಾಂಡೋವರ್ ಆಗಲಿ ಅಂತ ಕಾಯಬೇಡಿ.

ಹಾಗಾದರೆ ಯಾಕೆ ಕೊನೇ ದಿನದವರೆಗೂ ಕೆಲಸ ಮಾಡ್ತಾರೆ? ಸೇವಾಭಾವ ಅಂತ ಭಾಷಣದಲ್ಲಿ ಹೇಳ್ತಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಅದು ಲೆಕ್ಕಾಚಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯ್ತು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತಗೋಬಹುದು. ತಗೊಳ್ಳಲೇಬೇಕು ಅಂತಿಲ್ಲ. ಮೊದಲು ತಗೊಂಡಷ್ಟೂ ಆಮೇಲೆ ಮಗುವಿನ ಹತ್ತಿರ ಕಡಿಮೆ. ಆಗ ತಾಯಿ ಏನು ಮಾಡ್ತಾಳೆ? ಒಂದೊಂದು ವಾರವನ್ನೂ ಮಗುವಿಗೆ ಅಂತ ಕೂಡಿಡ್ತಾಳೆ, ತನ್ನ ಕಾಲನ್ನು ಒತ್ತೆ ಇಟ್ಟು. ನನ್ನ ಕಾಲದಲ್ಲಿ, ದೊಡ್ಡ ಮಗ ಹುಟ್ಟುವಾಗ, ಒಟ್ಟು ಇದ್ದದ್ದೇ 12 ವಾರ. ನಾನೂ ಹಾಗೇ ಕೂಡಿಟ್ಟವಳು.

ಆದರೆ ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್ನಿನಲ್ಲಿ ಒಂದು ಮಾತಿತ್ತು, ಅದು 1961ರಿಂದಲೂ ಇತ್ತು, ಯಾರೂ ಓದ್ತಿರಲಿಲ್ಲ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಆರು ವಾರ ಮೊದಲು ಒಂದು ಗೆರೆ ಎಳೀರಿ. ಆ ಗೆರೆಗಿಂತ ಹಿಂದಿನ ಒಂದು ತಿಂಗಳು, ಮತ್ತು ಗೆರೆ ದಾಟಿದ ಮೇಲೂ ನೀವು ರಜೆ ಹಾಕದೆ ಕೆಲಸಕ್ಕೆ ಬರ್ತಿದ್ದರೆ ಆ ದಿನಗಳು, ಇಷ್ಟೂ ಕಾಲ ನೀವು ಕೇಳಿಕೊಂಡರೆ ಶ್ರಮದ ಕೆಲಸ, ತುಂಬಾ ಹೊತ್ತು ನಿಂತು ಮಾಡುವ ಕೆಲಸ ಕೊಡುವ ಹಾಗಿಲ್ಲ. ಅಂದಾಜು 30ನೇ ವಾರದಿಂದ ಅಂತ ಇಟ್ಟುಕೊಳ್ಳಿ. ಹದಿಮೂರನೇ ಸೆಕ್ಷನ್ ಇನ್ನೂ ಮುಂದೆ ಹೋಗಿತ್ತು: ಹೀಗೆ ಹಗುರ ಕೆಲಸ ಕೊಟ್ಟ ಕಾರಣಕ್ಕೆ ಸಂಬಳ ಕಡಿತ ಮಾಡುವಂತಿಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತುಗಳು ಇವೆ. ಆದರೆ "ಕೇಳಿಕೊಂಡರೆ" ಅನ್ನೋ ಪದ ಗಮನಿಸಿ. ಕೇಳದೆ ಸಿಗೋಲ್ಲ. ನಾನು ಎರಡನೇ ಬಸುರಿಯಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ, ಹೆಸರು ಬೇಡ. ಬಾಯಲ್ಲಿ ಕೇಳಿದಾಗ "ನೀವೊಬ್ರೇನಾ ಹೆರೋದು" ಅಂದರು. ಬರೆದು ಕೊಟ್ಟೆ. ಎರಡೇ ದಿನಕ್ಕೆ ಓಪಿಡಿಯಲ್ಲಿ ಕುರ್ಚಿ ಸಿಕ್ತು. ಕಾಗದಕ್ಕೆ ಹೆದರೋರೇ ಹೆಚ್ಚು.

ನಮ್ಮ ಹುಡುಗಿಯರ ಇನ್ನೊಂದು ಭಯ ಕಾಂಟ್ರಾಕ್ಟ್. "ಆಂಟಿ, ನನ್ನದು ಹನ್ನೊಂದು ತಿಂಗಳ ಕಾಂಟ್ರಾಕ್ಟ್, ಬಸುರಿ ಅಂತ ಗೊತ್ತಾದರೆ ರಿನ್ಯೂ ಮಾಡಲ್ಲ." ದಿಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಟ್ರಾಕ್ಟ್ ಮೇಲಿದ್ದ ಡಾಕ್ಟರ್ ಕವಿತಾ ಯಾದವ್ 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಕಾಂಟ್ರಾಕ್ಟ್ ಜೂನ್ 11ಕ್ಕೆ ಮುಗಿಯುತ್ತೆ, ಹಾಗಾಗಿ 11 ದಿನದ ಹಣ ಅಷ್ಟೇ ಅಂದರು. ಆಕೆ ಸುಪ್ರೀಂ ಕೋರ್ಟ್ ತನಕ ಹೋದರು. ಕಾಂಟ್ರಾಕ್ಟ್ ಮುಗಿದರೂ ಹೆರಿಗೆಯ ಸೌಲಭ್ಯ ಮುಗಿಯೋಲ್ಲ, ಪೂರ್ತಿ ಕೊಡಿ ಅಂತ 2023ರ ಆಗಸ್ಟಿನಲ್ಲಿ ತೀರ್ಪು ಬಂತು. ಆರು ವರ್ಷ ಹಿಡೀತು, ಮಗು ಶಾಲೆಗೆ ಹೋಗೋ ವಯಸ್ಸು ಆಗಿರುತ್ತೆ. ಆದರೆ ಇವತ್ತು ನಿಮ್ಮ ಎಚ್‌ಆರ್ ಎದುರು ಹೇಳೋಕೆ ಆ ಹೆಸರು ಸಾಕು. ಒಂದು ಷರತ್ತು ನೆನಪಿರಲಿ, ಹೆರಿಗೆ ದಿನದ ಹಿಂದಿನ 12 ತಿಂಗಳಲ್ಲಿ ಅಲ್ಲಿ ಕಡಿಮೆ ಅಂದರೂ 80 ದಿನ ಕೆಲಸ ಮಾಡಿರಬೇಕು. ಸಂಬಳ 21,000ದ ಒಳಗಿದ್ದು ಇಎಸ್‌ಐ ಕಾರ್ಡ್ ಇರೋರಿಗೆ ದಾರಿ ಬೇರೆ. ಹಣ ಬರೋದು ಇಎಸ್‌ಐಯಿಂದ, ನಿಯಮಗಳೂ ಅದರವೇ. ಅಂಥವರು ಏಳನೇ ತಿಂಗಳಿಗೆ ಕಾಯದೆ ಮೊದಲೇ ವಿಚಾರಿಸಿ, ವಾಗ್ಳೆ ಎಸ್ಟೇಟಿನ ಇಎಸ್‌ಐ ಆಸ್ಪತ್ರೆ ನಮಗೆ ದೂರ ಇಲ್ಲ.

ಇನ್ನು ಹೋಗಿಬರೋ ಕಷ್ಟ. ಇಲ್ಲಿಂದ ಸ್ಟೇಷನ್ನಿಗೆ ಟಿಎಂಟಿ ಬಸ್ಸೋ ಶೇರ್ ರಿಕ್ಷಾವೋ, ಮಳೆಗಾಲದಲ್ಲಿ ಹೊಂಡ ಎಣಿಸಿಕೊಂಡು. ಆಮೇಲೆ ಬ್ರಿಡ್ಜ್ ಹತ್ತಿ ಇಳಿದು ಲೋಕಲ್. ಲೇಡೀಸ್ ಡಬ್ಬಾದಲ್ಲಿ ಬೆಳಗಿನ ಹೊತ್ತು ಹೊಟ್ಟೆ ನೋಡಿ ಜಾಗ ಕೊಡೋರು ಇದ್ದಾರೆ, ಆದರೆ ಅವರಿಗೆ ನಿಮ್ಮ ಹೊಟ್ಟೆ ಕಾಣಬೇಕಲ್ಲ, ಆ ನೂಕಾಟದಲ್ಲಿ! ಅಂಗವಿಕಲರ ಡಬ್ಬಾದಲ್ಲಿ ಗರ್ಭಿಣಿಯರಿಗೂ ಅವಕಾಶ ಇದೆ. ಸಂಕೋಚ ಬೇಡ, ಹತ್ತಿ. ಡಾಕ್ಟರ ಚೀಟಿ ಪರ್ಸಿನಲ್ಲಿ ಇರಲಿ.

ಮನೆಯವರಿಗೆ ಒಂದು ಮಾತು ಹೇಳಲಾ? ಅತ್ತೆಯರೂ ಇದ್ದೀರಿ, ಬೇಜಾರು ಮಾಡ್ಕೋಬೇಡಿ. ಸೀಮಂತಕ್ಕೆ ಹಾಲ್ ಬುಕ್ ಮಾಡ್ತೀವಿ, ಹಸಿರು ಬಳೆ ತೊಡಿಸ್ತೀವಿ, ಐದು ಬಗೆ ಸ್ವೀಟ್ ಮಾಡಿಸ್ತೀವಿ. ಮರುದಿನ ಅದೇ ಹುಡುಗಿ ನೈಟ್ ಮುಗಿಸಿ ಬೆಳಗ್ಗೆ ಒಂಬತ್ತಕ್ಕೆ ಬಂದರೆ "ಬಂದ್ಯಾ, ದೋಸೆ ಹಿಟ್ಟು ಇದೆ ನೋಡು" ಅಂತೀವಿ. ನೈಟ್ ಅಂದರೆ ಅಲ್ಲಿ ಮಲಗಿ ಬರ್ತಾಳೆ ಅಂತ ಎಷ್ಟೋ ಜನ ಇವತ್ತಿಗೂ ತಿಳಿದಿದ್ದಾರೆ. ಆ ಹುಡುಗಿಗೆ ಬೇಕಾಗಿರೋದು ಪರದೆ ಎಳೆದ ಕೋಣೆ ಮತ್ತು ಐದಾರು ಗಂಟೆ ಬಾಗಿಲು ಬಡಿಯದ ಮನೆ. ಗಂಡಂದಿರು ಕುಕ್ಕರ್ ಇಡೋದನ್ನು ಕಲಿಯಲಿ, ಊರಿಗೆ ಹೋಗೋ ಮತ್ಸ್ಯಗಂಧ ಟಿಕೆಟ್ ತೆಗೆಯೋದನ್ನು ಮಾತ್ರ ಅಲ್ಲ.

ಸರಿ, ಪೆನ್ನು ಇರೋರು ಬರ್ಕೊಳ್ಳಿ, ಅರ್ಜಿ ಹೇಗಿರಬೇಕು ಅಂತ ಹೇಳ್ತೀನಿ. ಮೇಟ್ರನ್‌ಗೆ ಒಂದು, ಎಚ್‌ಆರ್‌ಗೆ ಒಂದು. "ನನ್ನ ಹೆರಿಗೆಯ ನಿರೀಕ್ಷಿತ ದಿನಾಂಕ ಇಂಥದ್ದು. ಡಾಕ್ಟರ ಪ್ರಮಾಣಪತ್ರ ಲಗತ್ತಿಸಿದೆ. ಕಾನೂನಿನ ಪ್ರಕಾರ ಇಂಥ ದಿನಾಂಕದಿಂದ ನನಗೆ ಭಾರ ಎತ್ತುವ ಮತ್ತು ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದೆಂದು ಕೋರುತ್ತೇನೆ." ಅಷ್ಟೇ. ಗೋಳು ಬರೆಯಬೇಡಿ, ಕ್ಷಮೆ ಕೇಳಬೇಡಿ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಯೋಕೆ ಬೇಕಾದರೆ ನಾನು ಇಲ್ಲೇ ಎರಡನೇ ಬಿಲ್ಡಿಂಗಿನಲ್ಲಿ ಇದ್ದೀನಿ, ಸಂಜೆ ಬನ್ನಿ. ಇನ್ನೊಂದು ಕಾಪಿಯ ಮೇಲೆ ತಲುಪಿದೆ ಅಂತ ಸಹಿ, ತಾರೀಕು ಹಾಕಿಸಿಕೊಂಡು ಮನೆಯಲ್ಲಿಡಿ. ಸಹಿ ಹಾಕೋಲ್ಲ ಅಂದರೆ ಸ್ಪೀಡ್ ಪೋಸ್ಟ್ ಇಲ್ಲಾ ಇಮೇಲ್ ಮಾಡಿ.

ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದಾರೆ. ಎಷ್ಟು ತಿಂಗಳಮ್ಮ ನಿನಗೆ? ಆರಾ? ಸರಿ, ಕೂತ್ಕೊಂಡೇ ಕೇಳು, ನಿಲ್ಲಬೇಡ.