ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂಬ ಗಾದೆಯನ್ನು ತಾವೆಲ್ಲರೂ ಕೇಳಿದ್ದೀರಿ. ಬಹುಕಾಲದಿಂದ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದ ನನಗೆ ಈ ಗಾದೆಯಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ಗಾದೆಗೆ ಎದುರು ನುಡಿಯುವ ಸಾಕ್ಷಿಯೊಂದು ದೂರದ ಅಮೆರಿಕಾದಲ್ಲಿ, ಅದೂ ಆಟದ ಬಯಲಿನಲ್ಲಿ ಇದೆ. ಅದನ್ನು ಇಂದು ತಮ್ಮ ಮುಂದಿಡುತ್ತೇನೆ.

ಅಮೆರಿಕಾದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ನೂರು ಗಜದ ಬಯಲು. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ಎರಡು ತುದಿಯೂ ಚೂಪಾದ ಚೆಂಡು. ಚೆಂಡು ಹಿಡಿದ ಪಕ್ಷಕ್ಕೆ ನಾಲ್ಕು ಸರದಿಗಳು. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಸರದಿ. ಸಾಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಸಾಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದೇ ಟಚ್‌ಡೌನ್. ಪ್ರತಿಯೊಂದು ಸರದಿಯಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಈ ಶಬ್ದವನ್ನು ಕನ್ನಡಿಸಹೋಗಿ 'ಕಾಲು ಹಿಂದಿನವ' ಎಂದರೆ ನಗೆಪಾಟಲಾದೀತು; 'ಸೂತ್ರಧಾರ' ಎಂದರೆ ಅರ್ಥಕ್ಕೆ ಹತ್ತಿರ. ಆದರೂ ಕ್ವಾರ್ಟರ್‌ಬ್ಯಾಕ್ ಎಂದೇ ಇರಲಿ.

ಇವನ ಕೆಲಸವನ್ನು ಸ್ವಲ್ಪ ಊಹಿಸಿಕೊಳ್ಳಿ. ಚೆಂಡು ಕೈಗೆ ಬಂದ ಮೇಲೆ ಅವನಿಗಿರುವ ಕಾಲ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಆನೆಯಂಥ ಆಳುಗಳು ತನ್ನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಅಷ್ಟರಲ್ಲಿ ತನ್ನವರಲ್ಲಿ ಮೊದಲನೆಯವನು ಬಿಡುವಾಗಿದ್ದಾನೆಯೆ ನೋಡಬೇಕು. ಇಲ್ಲವೆಂದರೆ ಎರಡನೆಯವನು, ಆಮೇಲೆ ಮೂರನೆಯವನು. ಕಾಲೇಜಿನ ಆಟದಲ್ಲಿ ಗೆಳೆಯನು ಬಿಡುವಾದುದನ್ನು ಕಂಡು ಎಸೆದರೆ ಅನೇಕ ವೇಳೆ ನಡೆದೀತು. ವೃತ್ತಿಯ ಆಟದಲ್ಲಿ ಕಂಡ ಮೇಲೆ ಎಸೆದರೆ ಹೊತ್ತು ಮೀರಿತು. ಅವನು ಎಲ್ಲಿಗೆ ಬರುವನೋ ಆ ಜಾಗಕ್ಕೆ ಮುಂಚಿತವಾಗಿಯೇ ಎಸೆಯಬೇಕು. ಇದರ ಮೇಲೆ ಎದುರಾಳಿಗಳು ಆಟ ತೊಡಗುವ ಮುನ್ನ ಒಂದು ವ್ಯೂಹ ತೋರಿಸಿ, ತೊಡಗಿದೊಡನೆ ಇನ್ನೊಂದಕ್ಕೆ ತಿರುಗುತ್ತಾರೆ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ಹುಡುಗ ಮೊದಲ ವರ್ಷದಲ್ಲಿ ಇಲ್ಲಿ ತಪ್ಪದೆ ಇರುವುದುಂಟೆ?

ಇನ್ನು ಈ ಹುಡುಗರನ್ನು ಆರಿಸುವ ಪದ್ಧತಿಯೊಂದಿದೆ. ವೃತ್ತಿ ಲೀಗಿನಲ್ಲಿ ೩೨ ತಂಡಗಳು. ವರ್ಷವರ್ಷವೂ ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಎಲ್ಲಕ್ಕಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ನ್ಯಾಯವೇ ಸರಿ. ಆದರೆ ಇದರಿಂದಾಗಿ ಅತ್ಯಂತ ಸಮರ್ಥನೆನಿಸಿದ ಹುಡುಗ ಅನೇಕ ವೇಳೆ ಅತ್ಯಂತ ದುರ್ಬಲ ತಂಡಕ್ಕೆ ಹೋಗಿ ಸೇರುತ್ತಾನೆ. ಆಮೇಲೆ ಸೋತಾಗಲೆಲ್ಲ ಅವನನ್ನೇ ದೂರುತ್ತಾರೆ. ಮನೆಯ ಹಳೆಯ ದಾರಿದ್ರ್ಯಕ್ಕೆಲ್ಲ ಹೊಸ ಸೊಸೆಯ ಕಾಲ್ಗುಣವೇ ಕಾರಣ ಎನ್ನುವವರನ್ನು ತಾವು ನೋಡಿಲ್ಲವೆ?

೧೯೯೮ರ ಏಪ್ರಿಲ್ ತಿಂಗಳಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದವರು ಮೊದಲನೆಯವನಾಗಿ ಪೇಟನ್ ಮ್ಯಾನಿಂಗ್ ಎಂಬ ತರುಣನನ್ನು ಆರಿಸಿದರು. ಎರಡನೆಯವನಾಗಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡಕ್ಕೆ ಹೋದವನು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲೆಂಬುದರಲ್ಲಿ ಬಲ್ಲವರಿಗೇ ಒಮ್ಮತವಿರಲಿಲ್ಲ. ಸೆಪ್ಟೆಂಬರಿನಲ್ಲಿ ಆಟಗಳು ಮೊದಲಾದುವು. ಲೀಫನ ತಂಡ ಮೊದಲೆರಡು ಆಟಗಳನ್ನೂ ಗೆದ್ದಿತು. ಮ್ಯಾನಿಂಗನ ತಂಡ ಮೊದಲ ನಾಲ್ಕನ್ನೂ ಸೋತಿತು. ಮೊದಲ ಆಟದಲ್ಲಿಯೇ ಅವನು ಮೂರು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದಿದ್ದನು. ಎರಡನೆಯ ವಾರದ ಕೊನೆಗೆ ನಮ್ಮ ಗಾದೆಯನ್ನು ಕೇಳಿದ್ದರೆ ಅದು ಯಾರ ಕಡೆ ಬೆರಳು ತೋರುತ್ತಿತ್ತು?

ಮೂರನೆಯ ಆಟದಲ್ಲಿ ಲೀಫ್ ಹದಿನೈದು ಬಾರಿ ಎಸೆದ. ತನ್ನವರ ಕೈಗೆ ಸೇರಿದ್ದು ಒಂದೇ ಒಂದು, ಗಳಿಸಿದ್ದು ನಾಲ್ಕು ಗಜ. ಅಕ್ಟೋಬರ್ ೪ರಂದು ಇಬ್ಬರೂ ಎದುರುಬದುರಾದರು. ಮ್ಯಾನಿಂಗನ ಪಕ್ಷ ೧೭–೧೨ರಿಂದ ಗೆದ್ದಿತು. ಅವನ ವೃತ್ತಿಜೀವನದ ಮೊದಲ ಗೆಲವು ಅದು. ಆದರೂ ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಅವನ ತಂಡ ಹದಿನಾರರಲ್ಲಿ ಗೆದ್ದದ್ದು ಮೂರು. ಎದುರಾಳಿಯ ಕೈಗೆ ಅವನೆಸೆದ ಚೆಂಡುಗಳು ೨೮. ಮೊದಲ ವರ್ಷದವರಲ್ಲಿ ಇದು ಇಂದಿಗೂ ಯಾರೂ ಮೀರದ ಅಪಕೀರ್ತಿ. ಅದೇ ವರ್ಷ ೨೬ ಟಚ್‌ಡೌನುಗಳನ್ನೂ ಎಸೆದಿದ್ದ. ಆ ಕಾಲಕ್ಕೆ ಹೊಸಬರಲ್ಲಿ ಅದೂ ದಾಖಲೆಯೇ. ಲೀಫ್ ಎಸೆದದ್ದು ೨ ಟಚ್‌ಡೌನ್. ಎದುರಾಳಿಗೆ ಹೋದದ್ದು ೧೫. ತಪ್ಪುಗಳನ್ನಷ್ಟೇ ಎಣಿಸುವ ಉಪಾಧ್ಯಾಯನಾದರೆ ಇವರಲ್ಲಿ ಲೀಫನೇ ವಾಸಿ ಎನ್ನಬೇಕಾಗುತ್ತಿತ್ತು!

ಮರುವರ್ಷ ಮ್ಯಾನಿಂಗನ ತಂಡ ಹದಿನಾರರಲ್ಲಿ ಹದಿಮೂರು ಗೆದ್ದಿತು. ಎದುರಾಳಿಗೆ ಹೋದ ಚೆಂಡುಗಳು ೧೫ಕ್ಕೆ ಇಳಿದುವು. ಮುಂದೆ ಅವನು ಐದು ಬಾರಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಲೀಫನಾದರೋ ೨೦೦೧ರ ನಂತರ ಆ ಲೀಗಿನಲ್ಲಿ ಆಡಲೇ ಇಲ್ಲ. ಅವನ ನಡತೆಯ ದೋಷವೂ ಇದಕ್ಕೆ ಕಾರಣ. ಅದನ್ನು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಇನ್ನೊಂದನ್ನೂ ಹೇಳಬೇಕು. ಮ್ಯಾನಿಂಗನಿಗೆ ಮೊದಲ ದಿನ ಆಟದ ಪಾಠ ಹೇಳಿದ ಟಾಮ್ ಮೂರ್ ಎಂಬ ಗುರು ಹತ್ತು ವರ್ಷಕ್ಕೂ ಮೇಲ್ಪಟ್ಟು ಅವನ ಬೆನ್ನಿಗಿದ್ದರು. ಲೀಫನ ತಂಡದಲ್ಲಿ ಮೊದಲ ವರ್ಷದ ನಡುವೆಯೇ ಮುಖ್ಯ ತರಬೇತುದಾರರು ಬದಲಾದರು; ಮರುವರ್ಷ ಮತ್ತೊಬ್ಬರು ಬಂದರು. ಆ ಮರುವರ್ಷವೆಲ್ಲ ಭುಜದ ಪೆಟ್ಟಿನಿಂದ ಅವನು ಹೊರಗೇ ಉಳಿದ.

ಹಾಗಾದರೆ ಹೊಸಬನನ್ನು ಅಳೆಯುವುದು ಹೇಗೆ? ಅಮೆರಿಕಾದವರಿಗೆ ಅಂಕಿಗಳ ಮೋಹ ಬಹಳ. ಎಸೆದದ್ದೆಷ್ಟು, ಹಿಡಿದದ್ದೆಷ್ಟು, ಗಜವೆಷ್ಟು, ಟಚ್‌ಡೌನ್ ಎಷ್ಟು, ಎದುರಾಳಿಗೆ ಹೋದದ್ದೆಷ್ಟು ಎಂದೆಲ್ಲ ಕೂಡಿಸಿ ಗುಣಿಸಿ ೧೯೭೩ರಿಂದ ಒಂದು ಅಂಕ ಕೊಡುತ್ತ ಬಂದಿದ್ದಾರೆ. ಅದರ ಪೂರ್ಣಾಂಕ ನೂರಲ್ಲ, ೧೫೮.೩! ನೂರಕ್ಕೆ ಮೂವತ್ತೈದರ ಲೆಕ್ಕದಲ್ಲಿ ಬೆಳೆದ ನಮಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ಗೆಳೆಯನ ಕೈಗೆ ತಾಗಿ ಪುಟಿದು ಎದುರಾಳಿಗೆ ಸಿಕ್ಕ ಚೆಂಡೂ ಎಸೆದವನ ಲೆಕ್ಕಕ್ಕೇ ಬೀಳುತ್ತದೆ. ಎಸೆಯದೆ ಚೆಂಡು ಹಿಡಿದುಕೊಂಡೇ ಕೆಡವಿಸಿಕೊಂಡದ್ದು ಆ ಅಂಕದೊಳಗೆ ಬರುವುದೇ ಇಲ್ಲ.

ನನ್ನ ಕಸುಬಿನವರಿಗೆ ಗೊತ್ತಿರುವ ಮಾತೊಂದಿದೆ. ಸಂಧಿ ಬಿಡಿಸುವಲ್ಲಿ ಇಬ್ಬರು ಹುಡುಗರು ಹತ್ತು ಹತ್ತು ತಪ್ಪು ಮಾಡಿರುತ್ತಾರೆ. ಒಬ್ಬನು ಮಾಡಿದ ತಪ್ಪನ್ನೇ ಹತ್ತು ಸಲ ಮಾಡಿದ್ದಾನೆ. ಇನ್ನೊಬ್ಬನವು ಹತ್ತೂ ಬೇರೆ ಬೇರೆ. ಎರಡನೆಯವನ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಕ್ವಾರ್ಟರ್‌ಬ್ಯಾಕನದೂ ಹಾಗೆಯೇ. ಸೆಪ್ಟೆಂಬರಿನಲ್ಲಿ ಯಾವ ವ್ಯೂಹ ಅವನನ್ನು ಮೋಸಗೊಳಿಸಿತೋ ಅದೇ ವ್ಯೂಹ ಡಿಸೆಂಬರಿನಲ್ಲೂ ಮೋಸಗೊಳಿಸಿತೆ ಎಂಬುದನ್ನು ನೋಡಬೇಕು.

ಒಳ್ಳೆಯ ಅಂಕವೂ ಮೋಸ ಮಾಡುವುದುಂಟು. ೨೦೧೨ರಲ್ಲಿ ರಾಬರ್ಟ್ ಗ್ರಿಫಿನ್ ಎಂಬ ಹೊಸಬ ವಾಷಿಂಗ್ಟನ್ ತಂಡಕ್ಕೆ ೨೦ ಟಚ್‌ಡೌನ್ ಎಸೆದು, ಎದುರಾಳಿಗೆ ಐದೇ ಚೆಂಡು ಕೊಟ್ಟು, ಆ ವರ್ಷದ ಹೊಸಬರ ಪ್ರಶಸ್ತಿ ಪಡೆದ. ಅವನ ಓಟದ ವೇಗವನ್ನು ನೆಚ್ಚಿ, ನೋಡಿ ಆರಿಸುವ ಕೆಲಸವನ್ನು ಹಗುರ ಮಾಡಿಕೊಟ್ಟಿದ್ದರು. ೨೦೧೩ರ ಜನವರಿಯಲ್ಲಿ ಮೊಣಕಾಲಿಗೆ ಭಾರಿ ಪೆಟ್ಟು ಬಿತ್ತು. ಆ ಮೊದಲ ವರ್ಷದ ಆಟ ಮತ್ತೆಂದೂ ಬರಲಿಲ್ಲ.

ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು ೨೦೧೮ರ ಇಬ್ಬರ ಕಥೆ. ಆ ವರ್ಷ ಜಾಶ್ ಅಲೆನ್ ಏಳನೆಯವನಾಗಿ ಬಫಲೋ ತಂಡಕ್ಕೂ, ಜಾಶ್ ರೋಸೆನ್ ಹತ್ತನೆಯವನಾಗಿ ಅರಿಜೋನಾ ತಂಡಕ್ಕೂ ಹೋದರು. ಮೊದಲ ವರ್ಷ ಅಲೆನ್ ೧೦ ಟಚ್‌ಡೌನ್ ಎಸೆದು ೧೨ ಕಳೆದುಕೊಂಡ. ರೋಸೆನ್ ೧೧ ಎಸೆದು ೧೪ ಕಳೆದುಕೊಂಡ. ನೂರು ಎಸೆತಗಳಲ್ಲಿ ಗೆಳೆಯರ ಕೈ ಸೇರಿದ್ದು ಅಲೆನನವು ಸುಮಾರು ೫೩, ರೋಸೆನನವು ೫೫. ಇಬ್ಬರ ಪತ್ರಿಕೆಗೂ ನಾನಾದರೆ ಒಂದೇ ಅಂಕ ಹಾಕುತ್ತಿದ್ದೆ. ಅರಿಜೋನಾದವರು ಒಂದೇ ವರ್ಷಕ್ಕೆ ತರಬೇತುದಾರನನ್ನೂ ಬದಲಿಸಿ, ೨೦೧೯ರ ಏಪ್ರಿಲಿನಲ್ಲಿ ಹೊಸ ಕ್ವಾರ್ಟರ್‌ಬ್ಯಾಕನನ್ನು ಆರಿಸಿ, ರೋಸೆನನನ್ನು ಮಯಾಮಿಗೆ ಸಾಗಹಾಕಿದರು. ಅವನು ಮುಂದೆ ತಂಡದಿಂದ ತಂಡಕ್ಕೆ ಅಲೆದ. ಬಫಲೋದವರು ಅಲೆನನನ್ನೂ ಮುಖ್ಯ ತರಬೇತುದಾರನನ್ನೂ ಹಾಗೆಯೇ ಉಳಿಸಿಕೊಂಡರು. ಎಸೆಯುವಾಗ ಕಾಲೂರುವ ಬಗೆಯನ್ನೂ ತೋಳಿನ ಬೀಸನ್ನೂ ಅವನು ತಿದ್ದಿಕೊಂಡ. ನೂರಕ್ಕೆ ೫೩ ಇದ್ದದ್ದು ಎರಡನೆಯ ವರ್ಷ ೫೯, ಮೂರನೆಯ ವರ್ಷ ೬೯ ಆಯಿತು. ೨೦೨೪ರಲ್ಲಿ ಅವನೇ ಲೀಗಿನ ಅತ್ಯುತ್ತಮ ಆಟಗಾರ. ಉಳಿಸಿಕೊಂಡಿದ್ದರೆ ರೋಸೆನನೂ ಹೀಗಾಗುತ್ತಿದ್ದ ಎಂದು ನಾನು ಹೇಳಲಾರೆ. ಹೇಳಲು ಯಾರಿಗೂ ಅವಕಾಶ ಉಳಿಯಲಿಲ್ಲವಲ್ಲ, ಅದೇ ನನ್ನ ಸಂಕಟ.

ಶರತ್ಕಾಲದ ಭಾನುವಾರ ರಾತ್ರಿ ಹತ್ತೂವರೆಯ ಮೇಲೆ ಈ ಆಟಗಳು ನಮ್ಮ ದೇಶಕ್ಕೂ ಬಿತ್ತರವಾಗುತ್ತವೆ. ಮನೆಯ ಹುಡುಗರು ನೋಡುತ್ತ ಕುಳಿತಿದ್ದರೆ ಗದರಿಸದೆ ತಾವೂ ಸ್ವಲ್ಪ ಕುಳಿತು ನೋಡಿ. ಯಾವನಾದರೂ ಹೊಸಬ ಆಡುತ್ತಿದ್ದರೆ ಚೆಂಡಿನ ಹಿಂದೆ ಕಣ್ಣೋಡಿಸಬೇಡಿ. ಅವನ ತಲೆಯನ್ನು ನೋಡಿ. ಚೆಂಡು ಕೈಗೆ ಬಂದೊಡನೆ ಒಬ್ಬನ ಮೇಲೆಯೇ ದಿಟ್ಟಿ ನೆಟ್ಟು ನಿಂತನೆ, ಎಡದಿಂದ ಬಲಕ್ಕೆ ಒಮ್ಮೆ ಹೊರಳಿಸಿದನೆ? ಎರಡು ತಿಂಗಳು ಬಿಟ್ಟು ಅವನನ್ನೇ ಮತ್ತೊಮ್ಮೆ ನೋಡಿ.