ಹಳೆಯ ಸೀರೆ ಮಾರುವ ಗಂಡಸರು



ಈ ಮುಂಬಯಿಯಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡಲು ಬಾಗಿಲಿಗೆ ಬರುವವರು ಬಹುಮಟ್ಟಿಗೆ ಗುಜರಾತಿ ಮೂಲದ ದೇವಿಪೂಜಕ ಸಮಾಜದ ಹೆಂಗಸರು. ಜರಿಸೀರೆಗೆಂದು ಕೂಗುತ್ತ ಬರುವವನು ಹೆಚ್ಚಾಗಿ ಗಂಡಸು. ಸೀರೆಯ ಸೊಗಸು ಅವನಿಗೆ ಬೇಡ. ಅಂಚನ್ನು ಕಲ್ಲಿಗೆ ತಿಕ್ಕುತ್ತಾನೆ. ಕೆಂಪು ಕಂಡರೆ ತಾಮ್ರವೆಂದು ಹಿಂದಕ್ಕೆ ಕೊಟ್ಟು ನಡೆಯುತ್ತಾನೆ. ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಸುತ್ತಿದ, ಚಿನ್ನದ ಲೇಪವುಳ್ಳ ಬೆಳ್ಳಿಯ ತಂತಿ. ಸುಟ್ಟರೆ ಸೀರೆ ಬೂದಿ, ಉಳಿಯುವುದು ಬೆಳ್ಳಿ. ಅವನ ಲೆಕ್ಕ ಅಷ್ಟೆ. ಹಾಗೆಂದು ಅವನನ್ನು ನಾವು ಬಯ್ಯಲಾರೆವು. ಆ ಹಣದಿಂದ ಮಕ್ಕಳ ಶಾಲೆಯ ಫೀ ಕಟ್ಟಿದ ಮನೆಗಳೂ ಉಂಟು.

ಈಚೆಗೆ ಇನ್ನೊಬ್ಬ ವ್ಯಾಪಾರಿ ಕಾಣಿಸಿಕೊಂಡಿದ್ದಾನೆ. ಅವನು ಹಳೆಯ ಸೀರೆಯನ್ನು ಸುಡದೆ ಸೀರೆಯಾಗಿಯೇ ಮಾರುತ್ತಾನೆ. ಇವನಿಗೆ ತಕ್ಕಡಿ ಸಾಲದು. ತಾನು ಉಡದ ವಸ್ತುವನ್ನು ಉಡುವವಳಿಗೇ ಮಾರಬೇಕಲ್ಲ! ಅರಿಯದವನು “ನೂರು ವರ್ಷದ್ದು, ತಾಯಿ” ಎಂದು ಬಾಯಿಮಾತಿನಲ್ಲೇ ಮುಗಿಸುತ್ತಾನೆ. ಅಂಥವನನ್ನು ನಾವು ನಂಬುವುದಿಲ್ಲ. ಜಾಣನು ಹೆಂಗಸರನ್ನು ಕೇಳಿ ಕಲಿಯುತ್ತಾನೆ. ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳಿದ್ದರೆ ತಾನೇ ಬೆಳಕಿಗೆ ಹಿಡಿದು ತೋರಿಸುತ್ತಾನೆ. ಒಂಬತ್ತು ಗಜದ್ದೋ ಆರು ಗಜದ್ದೋ ಮೊದಲೇ ಹೇಳುತ್ತಾನೆ. ಇಳಕಲ್ಲ ಸೀರೆಯಾದರೆ ಸೆರಗು ಸೇರುವ ಕಡೆ ತಿರುವಿ ಹಿಡಿಯುತ್ತಾನೆ: ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆಯ ಹಾಸನ್ನು ಕುಣಿಕೆ ಹಾಕಿ ಜೋಡಿಸಿದ ಕೊಂಡಿ ಅಲ್ಲಿ ಕಾಣುತ್ತದೆ.

ನಮ್ಮ ಟ್ರಂಕುಗಳಲ್ಲಿ ಅಜ್ಜಿಯಂದಿರ ಸೀರೆಗಳು ಇನ್ನೂ ಇವೆ. ಕೊಡಲೇಬೇಕಾದಾಗ ಯಾವ ಊರಿನ ನೇಯ್ಗೆ, ಯಾರ ಮದುವೆಯದು ಎಂಬ ಒಂದು ಚೀಟಿ ಬರೆದು ಮಡಿಕೆಯೊಳಗೆ ಇಟ್ಟೇ ಕೊಡೋಣ.